ಬೀಗದ ಕೈ ಹಿಡಿದವರಿಗೆ: ಗ್ರಂಥಪಾಲಕರ ಯಶಸ್ಸಿನ ಸೂತ್ರಗಳು

2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷದ ನವೆಂಬರ್ 14ಕ್ಕೆ ‘ಓದುವ ಬೆಳಕು’ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂಬ ಹೆಸರು ಬಂತು. ಗೋಡೆಗೆ ಬಣ್ಣ, ಮೇಜಿಗೆ ಕಂಪ್ಯೂಟರ್, ಮಕ್ಕಳಿಗೆ ಬಣ್ಣಬಣ್ಣದ ಪುಸ್ತಕ ಸರ್ಕಾರದಿಂದ ಆಗುವ ಕೆಲಸ. ಅಲ್ಲಿಂದ ಮುಂದಿನದು ಬೀಗದ ಕೈ ಇಟ್ಟುಕೊಂಡಿರುವ ಮನುಷ್ಯನದು. ಬೆಳಗಾವಿ ನಗರದ ಕಾಲೇಜು ಗ್ರಂಥಾಲಯವಿರಲಿ, ಖಾನಾಪುರ ತಾಲ್ಲೂಕಿನ ಕಾಡಂಚಿನ ಅರಿವು ಕೇಂದ್ರವಿರಲಿ, ಈ ಮಾತು ಒಂದೇ.

ಆ ಮುಂದಿನ ಕೆಲಸಕ್ಕೆ ಬೇಕಾದದ್ದು ಉದ್ಯಮಶೀಲತೆ. ಅದೆಂದರೆ ಲಾಭ ಮಾಡುವುದು ಎಂದು ತಿಳಿದು ಗ್ರಂಥಪಾಲಕರು ಹಿಂದೆ ಸರಿಯುತ್ತಾರೆ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್ ಇಟ್ಟವರು ಮೊದಲು ಮಾಡುವ ಕೆಲಸ ಬೇರೆ. ಯಾರಿಗೆ ಏನು ಬೇಕು ಎಂದು ತಿಳಿದುಕೊಳ್ಳುತ್ತಾರೆ, ಇರುವ ಸಾಮಾನಿನಲ್ಲೇ ಒಂದು ನಮೂನೆ ಮಾಡಿ ತೋರಿಸುತ್ತಾರೆ, ಅದು ಹೊಂದದಿದ್ದರೆ ತಿದ್ದುತ್ತಾರೆ. ಆ ಕೆಲಸವನ್ನು ಗ್ರಂಥಪಾಲಕರು ಸುತ್ತೋಲೆಗೆ ಕಾಯದೆ ಮಾಡಬಹುದು.

1. ಬಾರದವರ ಪಟ್ಟಿ ಬರೆಯಿರಿ

ಹಾಜರಿ ಪುಸ್ತಕದಲ್ಲಿ ಬಂದವರ ಸಹಿ ಇರುತ್ತದೆ. ಹೊಸ ಯೋಚನೆ ಹುಟ್ಟುವುದು ಬಾರದವರ ಪಟ್ಟಿಯಿಂದ. ವಾರಕ್ಕೆ ಎರಡು ಸಂಜೆ ನೋಟ್‌ಬುಕ್ ಹಿಡಿದು ನಿಮ್ಮ ಓಣಿ ಸುತ್ತಿ. ವಡಗಾವಿ, ಖಾಸಬಾಗದಲ್ಲಿ ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಲ್ಲುವ ನೇಕಾರರು, ಸೈನ್ಯದ ಭರ್ತಿಗಾಗಿ ನಸುಕಿನಲ್ಲೇ ಎದ್ದು ಓಡುವ ಹುಡುಗರು, ಖಾನಾಪುರದ ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವವರು, ಸ್ವಸಹಾಯ ಸಂಘದ ಸಭೆಗೆ ಬಂದರೂ ಪಕ್ಕದ ಗ್ರಂಥಾಲಯದ ಹೊಸ್ತಿಲು ತುಳಿಯದ ಹೆಣ್ಣುಮಕ್ಕಳು. ಇವರನ್ನು ‘ಓದುವ ಆಸಕ್ತಿ ಇದೆಯೇ’ ಎಂದು ಕೇಳಬೇಡಿ. ‘ಮನೆಯಲ್ಲಿ ಈಗ ಯಾವ ಚಿಂತೆ ನಡೆದಿದೆ’ ಎಂದು ಕೇಳಿ.

“ಓದಾಕ ನಮಗ ಹೊತ್ತರ ಎಲ್ಲಿ ಐತ್ರಿ ಸರ್?” ಎಂಬ ಉತ್ತರ ಬಂದರೆ ಅದು ವೇಳೆಯ ಸಮಸ್ಯೆ. “ನಮ್ಮ ಹುಡುಗಿ ಪಿಯುಸಿ ಆದ ಮ್ಯಾಲ ಏನ್ ಮಾಡಬೇಕ್ರಿ?” ಎಂದರೆ ಅದು ಮಾಹಿತಿಯ ಸಮಸ್ಯೆ. “ಅಲ್ಲಿ ಬರೇ ಗಂಡಸರ ಕುಂತಿರತಾರ” ಎಂದರೆ ಕುರ್ಚಿಗಳನ್ನು ಹೇಗೆ ಹಾಕಿದ್ದೀರಿ ಎಂದು ನೋಡಿಕೊಳ್ಳಿ. ಒಂದೊಂದು ಉತ್ತರವೂ ಮಾಡಿ ನೋಡಬಹುದಾದ ಒಂದು ಹೊಸ ಕೆಲಸ.

2. ಪುಸ್ತಕ ಕಳೆದೀತೆಂಬ ಭಯ ಬಿಡಿ

ನಮ್ಮ ಗ್ರಂಥಾಲಯಗಳಲ್ಲಿ ಹೊಸತನವನ್ನು ಕಟ್ಟಿಹಾಕಿರುವುದು ಹಣದ ಕೊರತೆಗಿಂತ ಹೆಚ್ಚಾಗಿ ಲೆಕ್ಕ ಪರಿಶೋಧನೆಯ ಹೆದರಿಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಳೆದ ಪುಸ್ತಕದ ಬೆಲೆಯನ್ನು ತನ್ನ ಸಂಬಳದಿಂದ ಕಟ್ಟಬೇಕಾದೀತೆಂದು ಗ್ರಂಥಪಾಲಕರು ಕಪಾಟಿಗೆ ಬೀಗ ಹಾಕುತ್ತಾರೆ. ಮಗು ಗಾಜಿನ ಹೊರಗಿನಿಂದ ಚಿತ್ರಪುಸ್ತಕ ನೋಡಿ ಮನೆಗೆ ಹೋಗುತ್ತದೆ.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು (2017) ಈ ವಿಷಯದಲ್ಲಿ ಉದಾರವಾಗಿವೆ. ವರ್ಷದಲ್ಲಿ ಎರವಲು ಹೋದ ಅಥವಾ ಓದುಗರು ಬಳಸಿದ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕ ಕಳೆದರೆ ಅದನ್ನು ಸಹಜ ನಷ್ಟವೆಂದೇ ಎಣಿಸಬಹುದು ಎನ್ನುತ್ತದೆ 215ನೇ ನಿಯಮ. ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇರಬಾರದು. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ವಿಚಾರಣೆ ಕಡ್ಡಾಯ. ಇದು ಕೇಂದ್ರದ ನಿಯಮ, ನಿಜ. ಆದರೂ ನಿಮ್ಮ ಗ್ರಂಥಾಲಯ ಸಮಿತಿಯ ಮುಂದೆ ಇದನ್ನು ಇಟ್ಟು, ಇದೇ ಅಳತೆಯಲ್ಲಿ ನಮಗೂ ಒಂದು ಠರಾವು ಮಾಡಿಕೊಡಿ ಎಂದು ಕೇಳಬಹುದು. ಠರಾವು ಕೈಗೆ ಬಂದ ದಿನವೇ ಮಕ್ಕಳ ಕಪಾಟಿನ ಬೀಗ ತೆಗೆಯಿರಿ.

3. ವೇಳೆ ಓದುಗರದಾಗಲಿ

ಊರೆಲ್ಲ ಹೊಲದಲ್ಲಿ, ಕಾರ್ಖಾನೆಯಲ್ಲಿ ಇರುವ ಹೊತ್ತಿನಲ್ಲಿ ಬಾಗಿಲು ತೆರೆದು, ಅವರು ಮನೆಗೆ ಬರುವ ಹೊತ್ತಿಗೆ ಮುಚ್ಚುವ ಗ್ರಂಥಾಲಯ ಯಾರಿಗಾಗಿ? ಒಂದು ತಿಂಗಳು ಪ್ರತಿ ಗಂಟೆಗೆ ಎಷ್ಟು ಜನ ಕೂತಿದ್ದರು ಎಂದು ಬರೆದಿಡಿ. ಆ ಹಾಳೆಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ತೋರಿಸಿ. ಬರೇ ಬಾಯಿಮಾತಿನ ಕೋರಿಕೆಗಿಂತ ನೀವೇ ಎಣಿಸಿದ ಅಂಕಿಗೆ ಬೆಲೆ ಹೆಚ್ಚು.

4. ಪುಸ್ತಕದ ಪೆಟ್ಟಿಗೆ ಹೊರಡಲಿ

ಖಾನಾಪುರ ತಾಲ್ಲೂಕಿನ ಪಶ್ಚಿಮಕ್ಕೆ ಹೋದಂತೆ ಊರುಗಳು ಚಿಕ್ಕವಾಗುತ್ತವೆ, ಕಾಡು ದಟ್ಟವಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ, 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿ ಧಾಮದೊಳಗಿನ ಗವಾಳಿ, ಆಮಗಾಂವ, ಕೃಷ್ಣಾಪುರ. ಇಲ್ಲಿ ಮಳೆ ಹಿಡಿಯಿತೆಂದರೆ ಹಳ್ಳ ತುಂಬಿ ದಾರಿ ಮುಚ್ಚುತ್ತದೆ. ಇಂಥ ಕಡೆ ಪ್ರತಿ ಊರಿಗೂ ಒಂದು ಕಟ್ಟಡ ಬೇಕೆಂದು ಕೂತರೆ ಒಂದು ತಲೆಮಾರು ಕಳೆದುಹೋಗುತ್ತದೆ.

ಈ ಸಮಸ್ಯೆಯನ್ನು ನಮ್ಮ ಹಿರಿಯರು ನೂರು ವರ್ಷದ ಹಿಂದೆಯೇ ಬಿಡಿಸಿದ್ದಾರೆ. ಬರೋಡಾದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿಕೊಂಡರು. ಅಲ್ಲಿ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳಿಸುವ ಪದ್ಧತಿ ಬೆಳೆಯಿತು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಗ್ರಂಥಾಲಯ ಹೊರಟಿತು. ನಮ್ಮ ಗಳಗನಾಥರಂತೂ ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡಕ್ಕೆ ಓದುಗರು ಹೀಗೆ ಹುಟ್ಟಿದರು. ದೂರದ ಕೊಲಂಬಿಯಾದಲ್ಲಿ ಲೂಯಿಸ್ ಸೋರಿಯಾನೋ ಎಂಬ ಶಿಕ್ಷಕ ಆಲ್ಫಾ, ಬೇಟೋ ಎಂಬ ಎರಡು ಕತ್ತೆಗಳ ಬೆನ್ನಿಗೆ ಪುಸ್ತಕ ಹೇರಿ ಗುಡ್ಡಗಾಡಿನ ಮಕ್ಕಳಲ್ಲಿಗೆ ಹೋದದ್ದನ್ನು ಜಗತ್ತು ಮೆಚ್ಚಿತು. ಗಳಗನಾಥರ ನಾಡಿನವರಾದ ನಮಗೆ ಅದು ಹೊಸದಲ್ಲ.

ಈಗ ಮಾಡುವ ಬಗೆ. ತಗಡಿನ ಒಂದು ಟ್ರಂಕು ತನ್ನಿ. ಅದರಲ್ಲಿ ಮೂವತ್ತು ಪುಸ್ತಕ ಸಾಕು. ಅರ್ಧ ಮಕ್ಕಳಿಗೆ, ಉಳಿದದ್ದರಲ್ಲಿ ದನಕರುಗಳ ರೋಗ, ಜೇನು, ಕಾಯ್ದೆ, ಒಂದೆರಡು ಒಳ್ಳೆಯ ಕಾದಂಬರಿ. ಮುಚ್ಚಳದ ಒಳಗೆ ಪಟ್ಟಿ ಅಂಟಿಸಿ. ಊರಲ್ಲಿ ಪೆಟ್ಟಿಗೆ ಇಟ್ಟುಕೊಳ್ಳುವವರು ಯಾರು ಎಂಬುದೇ ಮುಖ್ಯ: ಅಂಗನವಾಡಿ ಅಕ್ಕ, ಆಶಾ ಕಾರ್ಯಕರ್ತೆ ಅಥವಾ ಕಿರಾಣಿ ಅಂಗಡಿಯ ಕಾಕಾ. ಬಸ್ಸು ಹೋಗುವಲ್ಲಿಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ಸಂತೆಗೆ ಬಂದವರ ಗಾಡಿಯಲ್ಲಿ. ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ, ದೊಡ್ಡ ಪೆಟ್ಟಿಗೆ ಕಳಿಸಿ. ಅದು ದೀಪಾವಳಿವರೆಗೆ ಅಲ್ಲೇ ಇರಲಿ. ಹೊರಗೆ ಹೋಗಲಾಗದ ಆ ತಿಂಗಳುಗಳೇ ಓದಿನ ಕಾಲ. ತೇವಕ್ಕೆ ಪುಸ್ತಕ ಬೂಸಲು ಹಿಡಿಯದಂತೆ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಣಗಿದ ಬೇವಿನ ಎಲೆ ಹಾಕಿ, ಬಿಸಿಲು ಬಿದ್ದ ದಿನ ಮುಚ್ಚಳ ತೆರೆದಿಡಲು ಹೇಳಿ.

ಒಂದೇ ಊರಿನಿಂದ ಶುರುಮಾಡಿ. ಮೊದಲ ಪೆಟ್ಟಿಗೆ ತಿರುಗಿ ಬಂದಾಗ ಯಾವ ಪುಸ್ತಕದ ಅಂಚು ಸವೆದಿದೆ, ಯಾವುದು ಹೋದಂತೆಯೇ ಬಂದಿದೆ ನೋಡಿ. ಮುಂದಿನ ಪೆಟ್ಟಿಗೆಯ ಪಟ್ಟಿಯನ್ನು ಅದೇ ಹೇಳುತ್ತದೆ.

5. ಕನ್ನಡ, ಮರಾಠಿಗೆ ಜೋಡಿ ಕಪಾಟು

ಬೆಳಗಾವಿಯಲ್ಲಿ, ಖಾನಾಪುರದಲ್ಲಿ ಭಾಷೆಯ ಮಾತು ಸೂಕ್ಷ್ಮ. ಅದಕ್ಕೇ ಗ್ರಂಥಪಾಲಕರು ಇದನ್ನು ಮುಟ್ಟದೆ ಬಿಡುತ್ತಾರೆ. ಬಿಡಬಾರದು. ಮನೆಯಲ್ಲಿ ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ, ಕನ್ನಡದ ಮನೆಯಿಂದ ಬಂದು ಮರಾಠಿ ಗೆಳೆಯರ ನಡುವೆ ಬೆಳೆಯುವ ಮಗುವಿಗೆ ಎರಡೂ ನುಡಿಯ ಪುಸ್ತಕ ಒಟ್ಟಿಗೆ ಸಿಗುವ ಜಾಗ ಗ್ರಂಥಾಲಯವಲ್ಲದೆ ಬೇರೆ ಯಾವುದಿದೆ?

ಈ ಊರಿನ ಚರಿತ್ರೆಯೇ ಇದಕ್ಕೆ ಬೆಂಬಲ. ಬೆಳಗಾವಿಯ ಸಾರ್ವಜನಿಕ ವಾಚನಾಲಯ 1848ರಷ್ಟು ಹಳೆಯದು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಇಲ್ಲೇ. ಮರಾಠಿಯ ಪು. ಲ. ದೇಶಪಾಂಡೆ ಇಲ್ಲಿನ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಪಾಠ ಹೇಳಿದರು. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದ ವರಕವಿಯಾದರು. ‘ನರಬಲಿ’ ಕವನಕ್ಕಾಗಿ ಅವರನ್ನು ಬ್ರಿಟಿಷರು ಇಟ್ಟದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಇನ್ನು ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಉಮಾ ಕುಲಕರ್ಣಿಯವರು. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಕೃತಿಯನ್ನು ಓದಿ ಕೇಳಿಸುತ್ತಿದ್ದರು, ಉಮಾ ಅವರು ಕೇಳಿ ಮರಾಠಿಗೆ ತರುತ್ತಿದ್ದರು. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ಮರಾಠಿ ಅನುವಾದಕ್ಕೆ 1989ರಲ್ಲಿ ಅವರಿಗೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿ ಬಂತು. ಮಹಾರಾಷ್ಟ್ರದ ಮನೆಮನೆಯಲ್ಲಿ ಭೈರಪ್ಪನವರನ್ನು ಓದುವಂತಾದದ್ದು ಬೆಳಗಾವಿಯ ಈ ಮಗಳಿಂದ.

ಹಾಗಾದರೆ ಒಂದು ಜೋಡಿ ಕಪಾಟು ಮಾಡಿ. ‘ವಂಶವೃಕ್ಷ’ದ ಕನ್ನಡ ಪ್ರತಿಯ ಪಕ್ಕದಲ್ಲೇ ಅದರ ಮರಾಠಿ ಪ್ರತಿ. ‘ಪರ್ವ’ದ ಪಕ್ಕ ‘ಪರ್ವ’. ಮರಾಠಿಯಿಂದ ಕನ್ನಡಕ್ಕೆ ಬಂದವೂ ಹಾಗೆಯೇ ಜೋಡಿಯಾಗಿ ನಿಲ್ಲಲಿ. ಹೊಸ ಖರೀದಿ ಬೇಕಾಗಿಲ್ಲ, ಇರುವ ಪುಸ್ತಕಗಳನ್ನು ಬೇರೆ ಜಾಗಕ್ಕೆ ಸರಿಸಿದರೆ ಸಾಕು. ತಿಂಗಳಿಗೊಂದು ಸಂಜೆ ಒಂದೇ ಕತೆಯನ್ನು ಎರಡು ನುಡಿಯಲ್ಲೂ ಗಟ್ಟಿಯಾಗಿ ಓದಿಸಿ. ಓದುವವರು ಶಾಲೆಯ ಮಕ್ಕಳೇ ಆಗಿರಲಿ, ಕೇಳಲು ಅವರ ಅಜ್ಜ ಅಜ್ಜಿ ಬರಲಿ.

6. ಊರಿನ ಕಸುಬಿಗೆ ಒಂದು ಮೂಲೆ ಕೊಡಿ

ಖಾನಾಪುರದ ಮಣ್ಣಿಗೆ ಹೆಸರಿದೆ. ಇಲ್ಲಿ ಹೆಂಚು, ಇಟ್ಟಂಗಿ, ಮಡಕೆ ಮೂರೂ ಆಗುತ್ತವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೇ ಊರಿನಲ್ಲಿದೆ. ಆದರೆ ಊರಿನ ಗ್ರಂಥಾಲಯದಲ್ಲಿ ಮಣ್ಣು, ಮೆರುಗು, ಆವಿಗೆಯ ಉರಿ ಇವನ್ನು ಕುರಿತ ಪುಸ್ತಕ ಎಷ್ಟಿವೆ? ಒಬ್ಬ ಹಿರಿಯ ಕುಂಬಾರರನ್ನು ಕರೆದು ತಿಂಗಳಿಗೊಮ್ಮೆ ತಿಗರಿಯ ಮುಂದೆ ಮಕ್ಕಳನ್ನು ಕೂಡಿಸಿ. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ದಾಖಲಿಸಿ, ಬರೆದಿಡಿ. ಪುಸ್ತಕವಿಲ್ಲದ ಕಡೆ ಪುಸ್ತಕ ಹುಟ್ಟಿಸುವುದೂ ಗ್ರಂಥಪಾಲಕರ ಕೆಲಸವೇ.

ಬೆಳಗಾವಿ ನಗರದ ಎಂಜಿನಿಯರಿಂಗ್ ಕಾಲೇಜುಗಳ ಗ್ರಂಥಪಾಲಕರ ಮುಂದೆ ಇನ್ನೂ ದೊಡ್ಡ ಅವಕಾಶವಿದೆ, ಅದನ್ನು ಬಳಸಿಕೊಂಡವರು ಕಡಿಮೆ. ಉದ್ಯಮಬಾಗದಲ್ಲಿ ಹತ್ತಾರು ಆಳಿನ ವರ್ಕ್‌ಶಾಪ್ ನಡೆಸುವವರಿಗೆ ಎರಕದ ಲೋಹದ ಗುಣಮಟ್ಟ ಹೇಗಿರಬೇಕು, ಈ ವಾಲ್ವಿನ ವಿನ್ಯಾಸಕ್ಕೆ ಬೇರೆಯವರ ಪೇಟೆಂಟ್ ಇದೆಯೇ ಎಂಬ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಭಾರತೀಯ ಮಾನಕ ಬ್ಯೂರೋದ ಮಾನಕಗಳಲ್ಲಿ ಬಹುಪಾಲನ್ನು ಅದರ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಪೇಟೆಂಟ್ ಕಚೇರಿಯ ಹುಡುಕು ತಾಣಕ್ಕೂ ಹಣ ಕೊಡಬೇಕಿಲ್ಲ. ಪೇಟೆಂಟಿನ ಅವಧಿ 20 ವರ್ಷ. ಅದು ಮುಗಿದ ಮೇಲೆ ಆ ವಿನ್ಯಾಸವನ್ನು ಯಾರು ಬೇಕಾದರೂ ಬಳಸಬಹುದು. ಇದನ್ನು ಹುಡುಕಿ ತೆಗೆಯುವ ವಿದ್ಯೆ ಗ್ರಂಥಪಾಲಕರಲ್ಲಿದೆ, ಕಾರ್ಖಾನೆಯವರಲ್ಲಿಲ್ಲ. ನಡುವೆ ಇರುವುದು ಒಂದು ಗೇಟು. ಶನಿವಾರ ಮಧ್ಯಾಹ್ನ ಎರಡು ತಾಸು ‘ಕಾರ್ಖಾನೆಯವರ ಪ್ರಶ್ನೆಗೆ ಉತ್ತರ’ ಎಂದು ಬೋರ್ಡು ಹಾಕಿ, ಪ್ರಾಚಾರ್ಯರ ಒಪ್ಪಿಗೆ ಪಡೆದು ಆ ಗೇಟು ತೆರೆಯಿರಿ. ವಿದ್ಯಾರ್ಥಿಗಳಿಗೂ ನಿಜವಾದ ಪ್ರಾಜೆಕ್ಟ್ ಸಿಗುತ್ತದೆ.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ 2018ರ ಡಿಸೆಂಬರಿನಲ್ಲಿ ತೆರೆದ ಓಡಿ ಗ್ರಂಥಾಲಯದಲ್ಲಿ ಪುಸ್ತಕದ ಜೊತೆ ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರುಗಳೂ ಇವೆ. ಹೊಲಿಗೆ ಯಂತ್ರವನ್ನಾದರೂ ಖಾನಾಪುರದಲ್ಲಿ ಇಡಲು ನಮಗೆ ಏನು ಅಡ್ಡಿ?

7. ಅರ್ಜಿ ತುಂಬಿಕೊಡುವುದು ಸಣ್ಣ ಕೆಲಸವಲ್ಲ

ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿ ಸಮುದಾಯ 2020ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರುವುದು ಒಂದು ಹಂತ. ಪ್ರಮಾಣಪತ್ರ, ವಿದ್ಯಾರ್ಥಿವೇತನ, ಹಾಸ್ಟೆಲ್ ಕೈಗೆ ಸಿಗುವುದು ಬೇರೆ ಹಂತ, ಅಲ್ಲಿ ಓದು ಬರಹ ಬಲ್ಲ ಒಬ್ಬರು ಪಕ್ಕದಲ್ಲಿ ನಿಲ್ಲಬೇಕು. ಖಾನಾಪುರ ತಾಲ್ಲೂಕಿನ ಸಿದ್ದಿ ಮನೆಗಳಿಗೆ, ಕಾಡಿನ ಗೌಳಿ ಮನೆಗಳಿಗೆ ಅರಿವು ಕೇಂದ್ರದ ಮೇಲ್ವಿಚಾರಕರೇ ಅಂಥವರಾಗಬಲ್ಲರು. ಅರ್ಜಿಗೆ ಬಂದ ತಂದೆಯ ಜೊತೆ ಮಗಳಿರುತ್ತಾಳೆ. ಆಕೆಯ ಕೈಗೆ ಒಂದು ಪುಸ್ತಕ ಕೊಡಿ.

8. ಗ್ರಂಥಾಲಯದ ಹೊರಗೆ ಕಣ್ಣು ಹಾಯಿಸಿ

ಎಸ್. ಆರ್. ರಂಗನಾಥನ್ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ತರಬೇತಿಗೆಂದು ಲಂಡನ್ನಿಗೆ ಹೋದರು. ಪುಸ್ತಕಗಳನ್ನು ವಿಂಗಡಿಸುವ ಆಗಿನ ಪದ್ಧತಿಗಳು ಅವರಿಗೆ ಒಗ್ಗಲಿಲ್ಲ. ಪರಿಹಾರ ಹೊಳೆದದ್ದು ಸೆಲ್‌ಫ್ರಿಜಸ್ ಅಂಗಡಿಯಲ್ಲಿ, ಮೆಕ್ಯಾನೋ ಆಟಿಕೆ ನೋಡುತ್ತ. ಕೆಲವೇ ಪಟ್ಟಿ, ತಿರುಪುಗಳನ್ನು ಬೇರೆ ಬೇರೆ ರೀತಿಯಲ್ಲಿ ಕೂಡಿಸಿ ಬಗೆಬಗೆಯ ವಸ್ತು ಮಾಡಬಹುದಾದರೆ ವಿಷಯಗಳನ್ನೂ ಹಾಗೆಯೇ ಬಿಡಿಭಾಗ ಮಾಡಿ ಕೂಡಿಸಬಾರದೇಕೆ? 1933ರಲ್ಲಿ ಬಂದ ಅವರ ದ್ವಿಬಿಂದು ವರ್ಗೀಕರಣದ ಬೇರು ಇದು. ಗ್ರಂಥಾಲಯ ವಿಜ್ಞಾನದ ಅವರ ಐದು ಸೂತ್ರಗಳು ಬಂದದ್ದು 1931ರಲ್ಲಿ. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು.

ನೀವೂ ಬೆಳಗಾವಿಯ ಪೇಟೆಗೆ ಹೋಗಿ, ಖಡೇ ಬಜಾರಿನ ಅಂಗಡಿಗಳನ್ನು ನೋಡಿ. ಗಿರಾಕಿಯ ಕಣ್ಣಿಗೆ ಮೊದಲು ಬೀಳುವಂತೆ ಏನು ಇಟ್ಟಿದ್ದಾರೆ? ಹೊಸ ಸರಕನ್ನು ಎಲ್ಲಿ ತೂಗುಹಾಕಿದ್ದಾರೆ? ನಿಮ್ಮ ಕಪಾಟಿನಲ್ಲಿ ಪುಸ್ತಕದ ಬೆನ್ನು ಮಾತ್ರ ಕಾಣುತ್ತಿದ್ದರೆ, ವಾರಕ್ಕೆ ಹತ್ತು ಪುಸ್ತಕದ ಮುಖಪುಟವನ್ನಾದರೂ ಓದುಗರತ್ತ ತಿರುಗಿಸಿಡಿ.

9. ಸಣ್ಣ ಊರಿನ ಪರಿಹಾರ ದೊಡ್ಡ ಊರಿಗೂ ಆದೀತು

ಇವತ್ತು ನಮ್ಮ ರಾಜ್ಯದ ಅನೇಕ ಕಾಲೇಜು ಗ್ರಂಥಾಲಯಗಳಲ್ಲಿ ನಡೆಯುತ್ತಿರುವ ‘ಕೋಹಾ’ ತಂತ್ರಾಂಶ ಹುಟ್ಟಿದ್ದು ದೊಡ್ಡ ಕಂಪನಿಯಲ್ಲಲ್ಲ. ನ್ಯೂಜಿಲೆಂಡಿನ ಹೊರೊಫೆನುವಾ ಎಂಬ ಗ್ರಾಮೀಣ ಪ್ರದೇಶದ ಗ್ರಂಥಾಲಯದ ಹಳೆಯ ತಂತ್ರಾಂಶ 2000ನೇ ಇಸವಿ ಬಂದರೆ ನಿಂತುಹೋಗುವಂತಿತ್ತು. ಹೊಸದನ್ನು ಕೊಳ್ಳುವ ಬದಲು ಅವರು ಒಂದು ಸಣ್ಣ ಸಂಸ್ಥೆಯ ಜೊತೆ ಕೂತು ತಮಗೆ ಬೇಕಾದ್ದನ್ನು ಮಾಡಿಸಿಕೊಂಡು, 2000ದ ಜನವರಿಯಲ್ಲಿ ಬಳಕೆಗೆ ತಂದು, ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ನೀವು ಖಾನಾಪುರದಲ್ಲಿ ಮಾಡಿದ ಪೆಟ್ಟಿಗೆಯ ಪಟ್ಟಿಯನ್ನೂ ಹೀಗೆಯೇ ಬೇರೆ ತಾಲ್ಲೂಕಿನವರಿಗೆ ಕಳಿಸಿ.

10. ಊರಿನ ಹಳೆಯ ಕಾಗದ ಉಳಿಸಿ

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದದ್ದು ಬೆಳಗಾವಿಯಲ್ಲಿ. ‘ಸಂಯುಕ್ತ ಕರ್ನಾಟಕ’ ಹುಟ್ಟಿದ್ದು 1929ರಲ್ಲಿ ಇಲ್ಲೇ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಖಾನಾಪುರ ತಾಲ್ಲೂಕಿನದು. ಇಂಥ ನೆಲದ ಮನೆಗಳ ಅಟ್ಟದಲ್ಲಿ ಪತ್ರ, ಕರಪತ್ರ, ಫೋಟೋ, ಲಾವಣಿಯ ಕೈಬರಹ ಇದ್ದೇ ಇರುತ್ತವೆ. ಮಳೆಗಾಲಕ್ಕೆ ಒಂದಿಷ್ಟು ಕರಗಿ ಹೋಗುತ್ತವೆ. ಮೂಲವನ್ನು ಕೇಳಬೇಡಿ, ಯಾರೂ ಕೊಡುವುದಿಲ್ಲ. ಒಂದು ದಿನದ ಮಟ್ಟಿಗೆ ತರಲು ಹೇಳಿ, ಅವರೆದುರೇ ಮೊಬೈಲಿನಲ್ಲಿ ಚಿತ್ರ ತೆಗೆದು, ಮನೆತನದ ಹೆಸರು ಬರೆದುಕೊಂಡು ಹಿಂದಿರುಗಿಸಿ.

ಕೃತಿಸ್ವಾಮ್ಯ ಕಾಯ್ದೆಯೂ ತಿಳಿದಿರಲಿ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಗಳಗನಾಥರು 1942ರಲ್ಲಿ ತೀರಿಕೊಂಡರು, ಆಲೂರು ವೆಂಕಟರಾಯರು 1964ರಲ್ಲಿ. ಎಂದರೆ 2025ರ ಜನವರಿ 1ರಿಂದ ಆಲೂರರ ‘ಕರ್ನಾಟಕ ಗತವೈಭವ’ವನ್ನು ಯಾರು ಬೇಕಾದರೂ ಸ್ಕ್ಯಾನ್ ಮಾಡಿ ಕನ್ನಡ ವಿಕಿಸೋರ್ಸ್‌ಗೆ ಸೇರಿಸಬಹುದು, ಗಟ್ಟಿಯಾಗಿ ಓದಿ ಧ್ವನಿಪುಸ್ತಕ ಮಾಡಬಹುದು. ಕೃತಿಸ್ವಾಮ್ಯ ಉಳಿದಿರುವ, ಆದರೆ ಭಾರತದಲ್ಲಿ ಎಲ್ಲೂ ಮಾರಾಟಕ್ಕೆ ಸಿಗದ ಪುಸ್ತಕವಾದರೆ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಕೊಳ್ಳಲು ಕಾಯ್ದೆಯ 52ನೇ ಕಲಮಿನಲ್ಲಿ ಅವಕಾಶವಿದೆ.

11. ದುಡ್ಡಿನ ದಾರಿ ತಿಳಿದುಕೊಳ್ಳಿ

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಜನ ಕಟ್ಟಿದ ಈ ಹಣ ಸ್ಥಳೀಯ ಸಂಸ್ಥೆಗಳಲ್ಲೇ ಬಾಕಿ ಉಳಿಯುವುದು ಹಳೆಯ ರೋಗ. ನಿಮ್ಮ ಊರಿನಲ್ಲಿ ಎಷ್ಟು ವಸೂಲಾಯಿತು, ಎಷ್ಟು ಗ್ರಂಥಾಲಯಕ್ಕೆ ಬಂತು ಎಂದು ವರ್ಷಕ್ಕೊಮ್ಮೆ ಲಿಖಿತವಾಗಿ ಕೇಳಿ. ಕೇಳಲು ಸಂಕೋಚ ಬೇಡ, ಅದು ಓದುಗರದೇ ದುಡ್ಡು. 1972ರಲ್ಲಿ ಸ್ಥಾಪನೆಯಾದ ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವಿನ ಯೋಜನೆಗಳನ್ನೂ ಓದಿಕೊಳ್ಳಿ. 2013ರ ಕಂಪನಿ ಕಾಯ್ದೆಯಂತೆ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಬೆಳಗಾವಿಯ ಕಂಪನಿಗಳ ಬಳಿ ಹೋದಾಗ ‘ಸಹಾಯ ಮಾಡಿ’ ಎನ್ನಬೇಡಿ. ‘ಮೂರು ಊರಿಗೆ ಮೂರು ಪೆಟ್ಟಿಗೆ, ಇದು ಖರ್ಚಿನ ಪಟ್ಟಿ, ಇದು ಕಳೆದ ವರ್ಷದ ಓದುಗರ ಲೆಕ್ಕ’ ಎಂದು ಒಂದೇ ಹಾಳೆ ಮುಂದಿಡಿ.

ಗ್ರಂಥಾಲಯ ತಾನೇ ದುಡಿದು ನಿಲ್ಲಬಹುದು ಎಂಬುದಕ್ಕೆ ನೇಪಾಳದಲ್ಲಿ ಉದಾಹರಣೆ ಇದೆ. ರೀಡ್ ಎಂಬ ಸಂಸ್ಥೆ 1991ರಲ್ಲಿ ಜುನ್‌ಬೇಸಿ ಎಂಬ ಬೆಟ್ಟದೂರಿನಿಂದ ಶುರುಮಾಡಿ ಕಟ್ಟಿದ ಗ್ರಂಥಾಲಯಗಳಿಗೆ ಒಂದೊಂದು ಸಣ್ಣ ಆದಾಯದ ಕಸುಬನ್ನೂ ಜೋಡಿಸಿತು. ಒಂದು ಕಡೆ ಬಾಡಿಗೆಗೆ ಮಳಿಗೆ, ಇನ್ನೊಂದು ಕಡೆ ಆಂಬುಲೆನ್ಸ್, ಮತ್ತೊಂದು ಕಡೆ ಪೀಠೋಪಕರಣದ ಕೆಲಸ. ನಮ್ಮಲ್ಲಿ ಮಕ್ಕಳ ಸದಸ್ಯತ್ವ ಉಚಿತವಾಗಿಯೇ ಉಳಿಯಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಜೆರಾಕ್ಸ್, ಪ್ರಿಂಟ್, ಹೊರಗಿನ ಅಂಗಳದಲ್ಲಿ ಸ್ವಸಹಾಯ ಸಂಘದ ಚಹಾ ಅಂಗಡಿಯಿಂದ ಬರುವ ಪಾಲು ಪತ್ರಿಕೆಯ ಬಿಲ್ಲಿಗಾದರೂ ಆಗಬಹುದು. ಪಂಚಾಯಿತಿಯ ಠರಾವು ಮಾಡಿಸಿ, ರಸೀದಿ ಕೊಡಿ, ಲೆಕ್ಕವನ್ನು ಗೋಡೆಗೆ ಹಚ್ಚಿ.

12. ಮೇಲಿನವರಿಗೂ ಒಂದು ಮಾತು

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳೇ, ಪ್ರಾಚಾರ್ಯರೇ, ಇಷ್ಟೆಲ್ಲ ಮಾಡಬೇಕಾದ ಗ್ರಂಥಪಾಲಕರನ್ನು ಜನಗಣತಿ, ಚುನಾವಣೆ, ಪರೀಕ್ಷಾ ಮೇಲ್ವಿಚಾರಣೆಗೆಂದು ಎಳೆದುಕೊಂಡು ಹೋಗಿ, ಆಮೇಲೆ ಹೊಸತೇನಿದೆ ಎಂದು ಕೇಳುವುದು ನ್ಯಾಯವಲ್ಲ. ಮೂರು ಸಂಗತಿ ಕೊಡಿ. ವಾರಕ್ಕೆ ಅರ್ಧ ದಿನ, ಊರು ಸುತ್ತಲು. ವರ್ಷಕ್ಕೆ ಒಂದು ಸಣ್ಣ ಮೊತ್ತ, ಪ್ರತಿ ರೂಪಾಯಿಗೂ ಮೊದಲೇ ಅನುಮತಿ ಕೇಳದೆ ಖರ್ಚು ಮಾಡಲು. ಮಾಡಿದ ಪ್ರಯೋಗ ಮೂರು ತಿಂಗಳಲ್ಲಿ ಫಲಿಸದಿದ್ದರೆ ನೋಟಿಸ್ ಬರುವುದಿಲ್ಲ ಎಂಬ ಭರವಸೆ.

ಜೊತೆಗೆ ಅವರನ್ನು ಪರಸ್ಪರ ಭೇಟಿ ಮಾಡಿಸಿ. ಬೆಳಗಾವಿಯಿಂದ ಖಾನಾಪುರ ಒಂದು ತಾಸಿನೊಳಗಿನ ದಾರಿ. ನಗರದ ಕಾಲೇಜಿನವರಿಗೆ ತಂತ್ರಾಂಶ ಗೊತ್ತು, ಹಳ್ಳಿಯ ಮೇಲ್ವಿಚಾರಕರಿಗೆ ಪ್ರತಿ ಮನೆ ಗೊತ್ತು. ರಂಗನಾಥನ್ ಅವರ ನೆನಪಿನ ಗ್ರಂಥಪಾಲಕರ ದಿನ ಆಗಸ್ಟ್ 12ಕ್ಕೆ ಬರುತ್ತದೆ. ಈ ಸಲ ಅವರ ಫೋಟೋಕ್ಕೆ ಹಾರ ಹಾಕಿದ ಮೇಲೆ ಭಾಷಣದ ಹೊತ್ತನ್ನು ಗ್ರಂಥಪಾಲಕರಿಗೇ ಬಿಟ್ಟುಕೊಡಿ. ಒಬ್ಬೊಬ್ಬರಿಗೆ ಐದು ನಿಮಿಷ: ಏನು ಮಾಡಿ ನೋಡಿದೆ, ಎಷ್ಟು ಖರ್ಚಾಯಿತು, ಯಾರು ಬಂದರು, ಯಾವುದನ್ನು ಕೈಬಿಟ್ಟೆ. ಅದನ್ನೆಲ್ಲ ಒಬ್ಬರು ಬರೆದುಕೊಂಡು ಜಿಲ್ಲೆಯ ಎಲ್ಲ ಅರಿವು ಕೇಂದ್ರಗಳಿಗೆ ವಾಟ್ಸಾಪ್‌ನಲ್ಲಿ ಅದೇ ಸಂಜೆ ಕಳಿಸಲಿ.